ಅತ್ತಿಗೆಯ ಅಟ್ಟದ ಕೊಬ್ಬರಿಗೆ ಬಂದ ಘಮ

ಬೆರಳುದ್ದದ ಒಂದು ಸೀಸೆ ಲಾರೆಲ್ ಎಣ್ಣೆಗೆ ಗಾಣದವಳಾದ ನಾನು ಎರಡು ಡಬ್ಬ ಕೊಬ್ಬರಿ ಎಣ್ಣೆ ಕೊಟ್ಟೆ—ಮೂರು ಕೇಳಿದ ವ್ಯಾಪಾರಿಯನ್ನು ಎರಡಕ್ಕೆ ಇಳಿಸಿ. ಯಾಕೆಂದರೆ ದಂಡಿನಶಿವರದ ನನ್ನ ಅತ್ತಿಗೆಗೆ ಮೋಸ ಮಾಡಬೇಕಿತ್ತು. ಮಾಡಿದೆ.

ಅತ್ತಿಗೆಗೆ ಮಂಡಿನೋವು. ಆದರೆ ತನ್ನ ಅಟ್ಟದಲ್ಲಿ ವರ್ಷವಿಡೀ ಒಣಗಿದ ಕೊಬ್ಬರಿಯ ಎಣ್ಣೆ ಬಿಟ್ಟು ಬೇರೇನೂ ಮೈಗೆ ಸೋಕಬಾರದೆಂಬ ಹಟ. ಅದನ್ನು ಹಿಂಡುತ್ತಿದ್ದುದು ತಿಪಟೂರಿನ ನನ್ನ ಗಾಣದಲ್ಲಿ. ಲಾರೆಲ್ ಎಂಬ ಹೊರದೇಶದ ಮರದ ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದ ಎಣ್ಣೆ ಕರ್ಪೂರದಂತೆ ಘಮ್ಮೆನ್ನುತ್ತದೆ, ಉಜ್ಜಿದಲ್ಲಿ ಬೆಚ್ಚಗಾಗುತ್ತದೆ. ಅವಳ ಡಬ್ಬಕ್ಕೆ ಒಂದಿಷ್ಟು ಹನಿ ಬಿಟ್ಟೆ. ಅವಳ ಮಂಡಿಗಾಗಿ ಎಂದುಕೊಂಡೆ... ನನ್ನ ಗಾಣದ ಹೆಸರಿಗಾಗಿಯೂ ಹೌದು.

ಗುಣ ಎಣ್ಣೆಯದೋ ದಿನವೂ ಉಜ್ಜಿದ್ದರದೋ, ಅತ್ತಿಗೆ ತೋಟ ಸುತ್ತತೊಡಗಿದಳು. "ನಮ್ಮಟ್ಟದ ಕೊಬ್ಬರಿ ಅಂದ್ರೆ ಸುಮ್ನೇನಾ ಕಣ್ರೇ!" ಎಂದು ಬೀದಿಗೆಲ್ಲ ಸಾರಿದಳು. ಆ ಘಮ ಎಲ್ಲಿಂದ ಬಂತೆಂದು ಬೀದಿಯವರು ನನ್ನನ್ನು ಕೇಳಿದರು. "ಚೆನ್ನಾಗಿ ಒಣಗಿದ್ರೆ ಘಮ ಬತ್ತದೆ," ಎಂದುಬಿಟ್ಟೆ. ಅವರೆಲ್ಲ ಅಟ್ಟದಿಂದ ಕಾಯಿ ಇಳಿಸುವುದನ್ನೇ ಮುಂದೂಡಿದರು—ಘಮ ಬರಲೆಂದು!

ಅಷ್ಟರಲ್ಲಿ ಅತ್ತಿಗೆಗೆ ಮೊಮ್ಮಗಳು ಹುಟ್ಟಿದಳು. ಎಣ್ಣೆನೀರಿನ ದಿನ ನಾನೂ ಹೋದೆ. ಹೊಸ್ತಿಲಲ್ಲೇ ಆ ವಾಸನೆ! ಬಚ್ಚಲಲ್ಲಿ ಅತ್ತಿಗೆ ಕಾಲು ಚಾಚಿ ಕೂತಿದ್ದಾಳೆ, ಕಾಲ ಮೇಲೆ ಹಸುಗೂಸು, ಕೈಯಲ್ಲಿ ಎಣ್ಣೆ ಬಟ್ಟಲು. ಓಡಿಹೋಗಿ ಬಟ್ಟಲು ಕಿತ್ತುಕೊಂಡೆ.

"ಬ್ಯಾಡ ಅತ್ತಿಗೆ! ಕೂಸಿನ ಚರ್ಮ ಉರಿದೋಯ್ತದೆ. ಅದ್ರಲ್ಲಿ ಸೀಸೇಲಿರೋ ಬೇರೆ ಎಣ್ಣೆ ಬೆರೆಸಿದ್ದೀನಿ—ಮೊದಲಿಂದಲೂ."

ಅವಳು ತನ್ನ ಮಂಡಿ ನೋಡಿಕೊಂಡಳು, ನನ್ನನ್ನು ನೋಡಿದಳು.

"ಹಂಗಾರೆ ನಾನು ಊರೆಲ್ಲ ಜಂಬ ಕೊಚ್ಚಿದ್ದು ನಿನ್ನ ಸೀಸೇದಾ? ಲೇ ಕಳ್ಳೀ!" ಅವಳು ನಕ್ಕ ರಭಸಕ್ಕೆ ಕಾಲ ಮೇಲಿನ ಕೂಸೂ ಕುಣಿಯಿತು. "ಇನ್ಮ್ಯಾಕೆ ಹೇಳಿ ಬೆರೆಸು. ಹೋಗು, ಬೀದಿಯೋರ್ಗೂ ಹೇಳು. ಅವರ ಕಾಯಿ ಇನ್ನೂ ಅಟ್ಟದಲ್ಲೇ ಕುಂತವೆ!"

ಬರೀ ಕೊಬ್ಬರಿ ಎಣ್ಣೆಯಲ್ಲಿ ಕೂಸು ಮಿರಮಿರ ಮಿಂಚಿತು. ಅವಳೀಗ ಶಾಲೆಗೆ ಹೋಗುತ್ತಾಳೆ. ಬೀದಿಯವರಿಗೆ ಅಂದೇ ಹೇಳಿದೆ. ಆ ಘಮದ ಸುದ್ದಿ ಕೇಳಿ ನನ್ನ ಗಾಣಕ್ಕೆ ಬಂದ ಹೊರಗಿನ ಗಿರಾಕಿಗಳಿಗೆ ಇದುವರೆಗೂ ಹೇಳಿರಲಿಲ್ಲ—ಈಗ ಹೇಳುತ್ತಿದ್ದೇನೆ. ಅತ್ತಿಗೆ ನಕ್ಕಳೆಂದು ನನ್ನ ತಪ್ಪು ಸಣ್ಣದಾಗಲಿಲ್ಲ.

ನೀವು ಕೊಳ್ಳುವುದಾದರೆ, ಪಲಾವ್ ಎಲೆಯ ಎಣ್ಣೆಯನ್ನು ಲಾರೆಲ್ ಎಂದು ಕೊಟ್ಟಾರು, ಮರವೇ ಬೇರೆ—ಕೇಳಿ ತನ್ನಿ. ಹಾಗೇ ಹಚ್ಚಬೇಡಿ, ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಮೊದಲು ತೋಳಿಗೆ ಸವರಿ ಒಂದು ದಿನ ಕಾಯಿರಿ, ಕೆಂಪಾದರೆ ಬಿಟ್ಟುಬಿಡಿ. ಕೂಸುಗಳಿಗೆ, ಬಸುರಿಯರಿಗೆ ಬೇಡವೇ ಬೇಡ. ಇನ್ನೊಬ್ಬರ ಡಬ್ಬಕ್ಕೆ ಬಿಡುವ ಮುಂಚೆ ಮಾತ್ರ—ಅವರನ್ನು ಕೇಳಿ.