ಗೇಟಿಗೆ ಹಾಸಿದ ಕಂಬಳಿ

ನಗಬೇಡಿ. ಒಂದೇ ಒಂದು ಬೂದುಗುಂಬಳಕಾಯಿ ಟೆಕ್ಸಸ್‌ನಲ್ಲಿ ಮೂರು ಸಾವಿರ ಎಕರೆಯ ಮಾರಾಟವನ್ನು ನಿಲ್ಲಿಸಿತ್ತು ಎಂದರೆ ನಿಲ್ಲಿಸಿತ್ತು. ನನ್ನ ಹಲ್ಲುಸೆಟ್ಟಿನ ಕಥೆಯನ್ನು ನೀವು ನಂಬಲಿಲ್ಲ, ಹೋಗಲಿ. ಸೀನಿದ ರಭಸಕ್ಕೆ ಅದು ಗಾಳಿಯಲ್ಲಿ ಟೇಲರ್ ಎಂಬ ಊರಿನವರೆಗೆ ಹೋಗಿರಲಿಕ್ಕಿಲ್ಲ, ಪಕ್ಕದ ಮನೆಯ ಹಿತ್ತಲಿಗೆ ಬಿದ್ದಿರಬಹುದು. ಆದರೆ ಇದಕ್ಕೆ ನಾನೇ ಸಾಕ್ಷಿ. ಸಾಕ್ಷಿ ಏನು ಬಂತು, ತಪ್ಪಿತಸ್ಥನೂ ನಾನೇ.

ಮೊದಲು ಗದಿಗೆಪ್ಪನ ವಿಷಯ ಹೇಳಬೇಕು. ಹಾವೇರಿ ಕಡೆಯ ಕುರುಬರ ಮನೆಯವನು. ಹ್ಯೂಸ್ಟನ್‌ನಲ್ಲಿ ನರ್ಸ್ ಆಗಿದ್ದ ಅಕ್ಕ ಅರ್ಜಿ ಹಾಕಿ, ಹದಿಮೂರು ವರ್ಷಕ್ಕೆ ಗ್ರೀನ್ ಕಾರ್ಡ್ ಬಂತು. ಅಷ್ಟರಲ್ಲಿ ಅವನ ಮೀಸೆ ನರೆತಿತ್ತು. ಬಂದವನು ಎರಡು ವರ್ಷ ಮೋಟೆಲೊಂದರಲ್ಲಿ ಚಾದರ ಮಡಚಿದ. "ಕುರಿ ಗಂಟಿ ಸಪ್ಪಳಿಲ್ದ ನಿದ್ದಿ ಹತ್ತಂಗಿಲ್ರಿ ರಾಯರ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದ. ಕೊನೆಗೆ ಯಾವುದೋ ಜಾಹೀರಾತು ನೋಡಿ, ಆಸ್ಟಿನ್‌ನಿಂದ ಪಶ್ಚಿಮಕ್ಕೆ ನಾಲ್ಕು ಗಂಟೆಯ ದಾರಿಯಲ್ಲಿ ಲೊರೀನ್ ಎಂಬ ಮುದುಕಿಯ ಕುರಿ ರ‍್ಯಾಂಚಿಗೆ ಕೆಲಸಕ್ಕೆ ಸೇರಿದ. ಹನ್ನೊಂದು ವರ್ಷ ಅಲ್ಲೇ ಇದ್ದ. ಅಲ್ಲಿಯ ನಾಯಿಗೆ ಈಗ ಕನ್ನಡ ಬಿಟ್ಟು ಬೇರೇನೂ ತಿಳಿಯುವುದಿಲ್ಲ; ಬೊಗಳಿದಾಗಲೂ ಕೊನೆಗೊಂದು 'ರೀ' ಸೇರಿಸುತ್ತದೆ. ಇದನ್ನು ಬೇಕಾದರೆ ನಂಬಬೇಡಿ.

ಊರಿನಿಂದ ಅವನು ತಂದದ್ದು ಒಂದು ಕರಿ ಕಂಬಳಿ. ಅವ್ವ ನೂತು, ಅಪ್ಪ ನೇಯ್ದದ್ದು. ನಾವು ಮೊದಲ ಸಲ ರ‍್ಯಾಂಚ್ ನೋಡಲು ಹೋದಾಗ ನನ್ನ ಮೊಮ್ಮಗಳು ಇಶಾ ಗೊತ್ತಿಲ್ಲದೆ ಅದರ ಮೇಲೆ ಶೂ ಇಟ್ಟಳು. ಅವನು ಬೈಯಲಿಲ್ಲ. ಅದನ್ನು ಎಳೆದುಕೊಂಡು ಕಣ್ಣಿಗೊತ್ತಿಕೊಂಡ. "ದೇವರ ಗದ್ದಿಗಿ ಐತವ್ವ ಇದು, ಕಾಲು ತಾಗಸಬಾರ್ದು" ಎಂದ.

ಲೊರೀನ್‌ಗೆ ಎಂಬತ್ತೆರಡು, ಮೊಣಕಾಲು ಕೈಕೊಟ್ಟಿತ್ತು, ಮಾರಲು ಹೊರಟಳು. ಡಾಲಸ್‌ನ ಒಂದು ಕಂಪನಿಗೆ ಬರೀ ಜಮೀನು ಸಾಕು, ಕುರಿ ಬೇಡ. ಇತ್ತ ಸೀಡರ್ ಪಾರ್ಕ್‌ನ ನನ್ನ ಮಗ ಜಯಂತ, ಫ್ರಿಸ್ಕೋದ ಒಂಬತ್ತು ಗೆಳೆಯರನ್ನು ಸೇರಿಸಿಕೊಂಡು ಜಮೀನೂ ಬೇಕು, ಕುರಿಯೂ ಬೇಕು, ಗದಿಗೆಪ್ಪನೂ ಬೇಕು ಎಂದು ನಿಂತಿದ್ದ. ಹತ್ತೂ ಜನರಲ್ಲಿ ಒಬ್ಬನಿಗೂ ಟಗರು ಯಾವುದು, ಹೋತ ಯಾವುದು ಗೊತ್ತಿಲ್ಲ. ಲೊರೀನ್ ಮನಸ್ಸು ನಮ್ಮ ಕಡೆಗೇ ಇತ್ತು. ಆದರೆ ಮಂದೆ ಸಮೇತ ಮಾರುವುದಾದರೆ ಕುರಿಗಳನ್ನು ಗೇಟು ದಾಟಿಸಿ, ಎಣಿಸಿ ಒಪ್ಪಿಸಿದ ಮೇಲೆಯೇ ಸಹಿ. ಕಂಪನಿಯವರು ಕೊಟ್ಟ ಗಡುವು ಎಣಿಕೆಗೆ ಗೊತ್ತುಮಾಡಿದ ದಿನವೇ ಮಧ್ಯಾಹ್ನ ಹನ್ನೆರಡು ಗಂಟೆ. ಅಷ್ಟರೊಳಗೆ ನಮ್ಮದು ಮುಗಿಯದಿದ್ದರೆ ಅವರಿಗೇ ಸಹಿ ಹಾಕುತ್ತೇನೆ ಎಂದು ಲೊರೀನ್ ಮುಂಚೆಯೇ ಹೇಳಿದ್ದಳು. ಎರಡೂ ಕೈತಪ್ಪಿದರೆ ಆ ವಯಸ್ಸಿನಲ್ಲಿ ಅವಳೇನು ಮಾಡಬೇಕು?

ಆ ಬೆಳಿಗ್ಗೆ ನಾವು ರ‍್ಯಾಂಚಿನ ಗೇಟಿಗೆ ಬಂದಾಗ ಕಂಪನಿಯವನು ಪಿಕಪ್ಪಿನಲ್ಲಿ ಕೂತಿದ್ದ. ಅವನ ಹಿಂದೆ, ಕುರಿಗಳನ್ನು ಹರಾಜಿಗೆ ಒಯ್ಯಲು ಮೂರು ಖಾಲಿ ಲಾರಿ. ಕುರಿ ಲಾರಿ ಹತ್ತಿದರೆ ಗದಿಗೆಪ್ಪ ಮತ್ತೆ ಹ್ಯೂಸ್ಟನ್‌ನ ಚಾದರಗಳಿಗೆ.

ಹತ್ತೂವರೆಗೆ ನನ್ನ ಹೆಂಡತಿ ಸುಶೀಲಮ್ಮ ಕಾರಿನ ಡಿಕ್ಕಿಯಿಂದ ಬೂದುಗುಂಬಳಕಾಯಿ ತೆಗೆದಳು.

"ಒಡೀರಿ. ದೃಷ್ಟಿ ತೆಗೀದೆ ಹೊಸ ಜಾಗಕ್ಕೆ ಕಾಲಿಡ್ತಾರಾ ಯಾರಾದ್ರೂ?"

"ಇನ್ನೂ ಸಹಿಯೇ ಆಗಿಲ್ಲ ಕಣೇ."

"ಅದಕ್ಕೇ ಹೇಳ್ತಿರೋದು. ಆ ಪಿಕಪ್ ಮಹಾರಾಯ ಹೆಂಗೆ ನೋಡ್ತಿದಾನೆ ನೋಡಿ!"

ನಾನು ಒಡೆದೆ. ಚೆನ್ನಾಗಿಯೇ ಒಡೆದೆ. ಒಳಗೆ ತುಂಬಿದ್ದ ಕುಂಕುಮದ ನೀರು ಗೇಟಿನ ಬಾಯಿಗೆ ಅಡ್ಡಡ್ಡ ಹರಿದು ನೆಲ ಕೆಂಪಗಾಯಿತು. ನನಗೆ ಹೆಮ್ಮೆಯೂ ಆಯಿತು.

ಹತ್ತೇ ನಿಮಿಷಕ್ಕೆ ಗುಡ್ಡದಿಂದ ಮಂದೆ ಇಳಿಯಿತು. ಮುಂದೆ ಗಂಟೆ ಕಟ್ಟಿದ ಹಳೆಯ ಕುರಿ, ಗದಿಗೆಪ್ಪ ಅದನ್ನು ಬಾಳವ್ವ ಎಂದು ಕರೆಯುತ್ತಾನೆ, ಹಿಂದೆ ಅವನು. ಗೇಟಿಗೆ ಬಂದ ಬಾಳವ್ವ ಗಕ್ಕನೆ ನಿಂತಿತು. ಮೂಗು ಅರಳಿಸಿತು. ಮುಂಗಾಲಿನಿಂದ ನೆಲ ಒದ್ದಿತು. ಮರುಕ್ಷಣ ಒಂಬೈನೂರು ಕುರಿ ಹಾಲು ಉಕ್ಕಿದ ಹಾಗೆ ಹಿಂದಕ್ಕೆ ಹೊರಳಿ ಗುಡ್ಡದತ್ತ ಓಡಿದವು.

"ಅಜ್ಜ, ದೇ ಥಿಂಕ್ ಇಟ್ಸ್ ಬ್ಲಡ್" ಎಂದಳು ಇಶಾ.

ಜಯಂತ ಹೋಳು ಆರಿಸಿ ಎಸೆದ. ನಾನು ನೀರು ಸುರಿದೆ. ಕೆಂಪು ಇನ್ನೂ ಎರಡು ಮೊಳ ಹರಡಿತು. ಮಣ್ಣು ಹಾಕಿದೆವು, ಕೆಂಪು ಕೆಸರಾಯಿತು. ಎಣಿಸಲು ಬರುವಂಥ ಸಣ್ಣ ಗೇಟು ಇದೊಂದೇ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗದಿಗೆಪ್ಪ ಮತ್ತೆ ಮಂದೆ ಕೂಡಿಸಿ ತಂದ. ಬಾಳವ್ವ ಮತ್ತೆ ನಿಂತಿತು, ಮಂದೆ ಮತ್ತೆ ಹೊರಳಿತು. ಈ ಸಲ ನಾಯಿಯೂ ಅವನೂ ಅಡ್ಡ ಬಿದ್ದು ಹೇಗೋ ತಡೆದರು.

ಅವನು ಏದುಸಿರು ಬಿಡುತ್ತ ಬಂದ. "ಯಾರ‍್ರೀ ಇದನ್ನ ಒಡದವ್ರು?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

"ನಾನೇ ಕಣಪ್ಪಾ."

"ಇರ್ಲಿ ಬಿಡ್ರಿ. ಒಳ್ಳೇದಕ್ಕ ಮಾಡೀರಿ."

ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದೂ ಇಪ್ಪತ್ತೈದು. ಪಿಕಪ್ಪಿನವನು ಇಳಿದು, ಕೈಗಡಿಯಾರ ನೋಡಿ, ಲಾರಿಯವರಿಗೆ ಕೈಬೀಸಿದ. ಮೂರೂ ಎಂಜಿನ್ ಶುರುವಾದವು. ಮರದ ಕೆಳಗೆ ಮೇಜು ಹಾಕಿಸಿಕೊಂಡು ಕೂತಿದ್ದ ಲೊರೀನ್ ಪೆನ್ನಿನ ಮುಚ್ಚಳ ತೆಗೆಯುವಳು, ಹಾಕುವಳು.

ಗದಿಗೆಪ್ಪ ಹೆಗಲ ಮೇಲಿನ ಕಂಬಳಿಯನ್ನು ತೆಗೆದ. ಸ್ವಲ್ಪ ಹೊತ್ತು ಎದೆಗವಚಿ ಹಿಡಿದುಕೊಂಡ. ಆಮೇಲೆ ಗೇಟಿನ ಕಂಬದಿಂದ ಕಂಬಕ್ಕೆ, ಆ ಕೆಸರಿನ ಮೇಲೆ ಹಾಸಿದ.

"ಬೇಡವೋ ಮಾರಾಯ, ಅದು ದೇವರದು!"

"ಕುರಿಗೊಂದು ದೇವ್ರಿಗೊಂದು ಬ್ಯಾರೆ ಗದ್ದಿಗಿ ಇಲ್ರಿ ರಾಯರ. ಸರೀರಿ ಅತ್ತಾಗ."

ಬೂಟು ಬಿಚ್ಚಿಟ್ಟು ಆಚೆ ತುದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕರೆದ. "ಬಾಳವ್ವಾ... ಬಾ ನನ್ನವ್ವ, ಬಾ."

ಅದು ಬಂತು. ಕಂಬಳಿಯನ್ನು ಮೂಸಿತು. ಹನ್ನೊಂದು ವರ್ಷ ಚಳಿಯಲ್ಲಿ ಹುಟ್ಟಿದ ಮರಿಗಳನ್ನೆಲ್ಲ ಅವನು ಸುತ್ತಿ ತಂದದ್ದು ಅದರಲ್ಲೇ. ಒಂದು ಕಾಲಿಟ್ಟಿತು. ನಿಂತಿತು. ನನ್ನ ಎದೆ ಕೂಡ ನಿಂತಿತ್ತು; ಇದು ಉತ್ಪ್ರೇಕ್ಷೆಯಲ್ಲ, ಡಾಕ್ಟರನ್ನು ಬೇಕಾದರೆ ಕೇಳಿ. ಇನ್ನೊಂದು ಕಾಲಿಟ್ಟಿತು. ಗಂಟೆ ಅಲ್ಲಾಡಿತು, ದಾಟಿತು. ಅದರ ಹಿಂದೆ ಎರಡು, ಮೂರು, ಆಮೇಲೆ ಒಂದೇ ಸಮನೆ.

ಗದಿಗೆಪ್ಪ ಎಣಿಸುತ್ತ ನೂರಾದಾಗಲೆಲ್ಲ ಒಂದು ಕಲ್ಲನ್ನು ಜೇಬಿಗೆ ಹಾಕಿದ. ಎದುರಿಗೆ ಲೊರೀನ್ ಕಡೆಯವನೂ ಎಣಿಸಿದ. ಅಪ್ಪನ ನೇಯ್ಗೆ ಗೊರಸಿಗೆ ಸಿಕ್ಕು ಕಿತ್ತು ಬರುತ್ತಿತ್ತು, ಗದಿಗೆಪ್ಪ ಅತ್ತ ನೋಡಲಿಲ್ಲ. ಐದು ಕಲ್ಲಾಗುವಾಗ ಹನ್ನೊಂದು ನಲವತ್ತು. ಎಂಟಾಗುವಾಗ ಐವತ್ತು. ಕೊನೆಯ ಕುಂಟ ಮರಿಯನ್ನು ಅವನೇ ಎತ್ತಿ ಈಚೆ ಇಟ್ಟಾಗ ಒಂಬತ್ತು ಕಲ್ಲು, ಮೇಲೆ ನಲವತ್ತೊಂದು. ಎದುರಿನವನದೂ ಅಷ್ಟೇ. ಲೊರೀನ್ ಸಹಿ ಹಾಕಿದಾಗ ಹನ್ನೆರಡಕ್ಕೆ ಮೂರು ನಿಮಿಷ. ಲಾರಿಗಳು ಖಾಲಿಯೇ ತಿರುಗಿದವು.

ಸುಶೀಲಮ್ಮ ಹೊಸ ಕಂಬಳಿ ತರಿಸಿಕೊಡುತ್ತೇನೆಂದರೆ ಅವನು ಒಪ್ಪಲಿಲ್ಲ. ಹಳೆಯದನ್ನೇ ಒಗೆದು, ಹರಿದಲ್ಲಿ ಹೊಲಿದು, ಮತ್ತೆ ಹೆಗಲಿಗೆ ಹಾಕಿಕೊಂಡ. ಕೆಂಪು ಪೂರ್ತಿ ಹೋಗಿಲ್ಲ. ನಂಬಿಕೆ ಬರದಿದ್ದರೆ ಬಂದು ನೋಡಿ, ನಾನೀಗ ಅದೇ ರ‍್ಯಾಂಚಿನ ಜಗಲಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ಎದುರಿಗೆ ತಂತಿಯ ಮೇಲೆ ಕಂಬಳಿ ಒಣಗುತ್ತಿದೆ. ಹೋದ ತಿಂಗಳು ಇದೇ ಕಂಬಳಿ ಬಿರುಗಾಳಿಗೆ ಸಿಕ್ಕಿ, ಮೇಲೆ ಮಲಗಿದ್ದ ನಾಯಿಯ ಸಮೇತ ಹಾರಿ...

"ರಾಯರ! ರೊಟ್ಟಿ ಆರಾಕತ್ತಾವು. ಸುಳ್ಳು ಬರದದ್ದು ಸಾಕು, ಊಟಕ್ಕ ಏಳ್ರಿ!"

ಕರೆಯುತ್ತಿರುವವನು ಗದಿಗೆಪ್ಪ. ಬಂದೆನಪ್ಪಾ, ಬಂದೆ.