ರೈಲಿಲ್ಲದ ಪ್ಲಾಟ್‌ಫಾರಂನಲ್ಲಿ ಸೈಕಲ್ ಕಲಿತದ್ದು

ಮೊನ್ನೆ ಹಾಸನದ ಸೈಕಲ್ ಅಂಗಡಿಯೊಂದರಲ್ಲಿ ಹಳೆಯ ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರದ ಹಾದಿಯಲ್ಲಿದ್ದ ನಮ್ಮೂರ ಸ್ಟೇಷನ್ ಮಾಸ್ಟರು ನೆನಪಾದರು.

ಒಂದು ಕೋಣೆ, ಒಂದು ಗಂಟೆ, ಎರಡು ಕಲ್ಲುಬೆಂಚು... ಅಷ್ಟೇ ಸ್ಟೇಷನ್. ರಟ್ಟಿನ ಟಿಕೆಟ್ಟಿಗೆ ತಾರೀಖು ಒತ್ತುವವರೂ, ತೆಂಗಿನಕಾಯಿ ಮೂಟೆ ತೂಗಿಸಿ ಪಾರ್ಸಲ್ ಚೀಟಿ ಬರೆಯುವವರೂ, ಬಾವುಟ ಬೀಸುವವರೂ ಅವರೊಬ್ಬರೇ. ಅರಕಲಗೂಡು ಕಡೆಯವರು, ದೊಡ್ಡ ಗಂಟಲು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಟೀಚರು. ಮುಂದಿನ ಸ್ಟೇಷನ್ನಿನ ಊರಲ್ಲಿ ಶಾಲೆ; ದಿನವೂ ರೈಲಿನಲ್ಲೇ ಹೋಗಿಬರುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಲು ರೈಲು ನಿಲ್ಲಿಸಿದರು. ಶಾಲೆಯಿದ್ದ ಊರಿಗೆ ಬಸ್ಸಿರಲಿಲ್ಲ. ದೇವಸ್ಥಾನದ ಅರ್ಚಕರಾಗಿದ್ದ ಅಪ್ಪ, "ಕೆಲಸ ಬಿಟ್ಟುಬಿಡಮ್ಮ" ಎಂದರು. ಅತ್ತುಕೊಂಡೇ ಹೋಗಿ ಮಾಸ್ಟರಿಗೆ ಹೇಳಿದೆ.

"ಯಾಕ್ ಬಿಡ್ತೀರಾ ಟೀಚರಮ್ಮ? ಸೈಕಲ್ ಕಲೀರಿ."

"ಎಲ್ಲಿ ಸಾರ್ ಕಲಿಯೋದು? ಊರೆಲ್ಲ ನಗುತ್ತೆ."

"ಇಷ್ಟುದ್ದ ಪ್ಲಾಟ್‌ಫಾರಂ ಖಾಲಿ ಬಿದ್ದೈತೆ. ನಾಳೆ ಬೆಳಗ್ಗೆ ಬನ್ನಿ!"

ಮರುದಿನ ಹೋದಾಗ, ಮಗಳ ಹಳೆಯ ಸೈಕಲ್ಲಿನ ಚೈನನ್ನು ಸಿಗ್ನಲ್ ದೀಪದ ಸೀಮೆಎಣ್ಣೆಯಿಂದ ತೊಳೆಯುತ್ತ ಕೂತಿದ್ದರು. ಅವರ ಹೆಂಡತಿ ಹಿಂದಿನಿಂದ ಕ್ಯಾರಿಯರ್ ಹಿಡಿದರು. ಮಾಸ್ಟರು ಹಸಿರು ಬಾವುಟ ಬೀಸಿದರು. ಬಿದ್ದೆ. ಮತ್ತೆ ಹಸಿರು ಬಾವುಟ, ಮತ್ತೆ ಬಿದ್ದೆ... ಮೊಣಕೈ ತರಚಿದ್ದಕ್ಕಿಂತ ನಕ್ಕು ನಕ್ಕು ಹೊಟ್ಟೆ ನೋವು ಬಂದದ್ದೇ ಹೆಚ್ಚು. ನಾಲ್ಕನೆಯ ದಿನ ತಿರುಗಿ ನೋಡಿದರೆ ಆಕೆ ಎಷ್ಟೋ ದೂರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ! ಎದುರಿಗೆ ಮಾಸ್ಟರು ಕೆಂಪು ಬಾವುಟ ಹಿಡಿದು, "ಬ್ರೇಕ್ ಹಿಡೀರಮ್ಮೋ, ಮುಂದೆ ಪ್ಲಾಟ್‌ಫಾರಂ ಇಲ್ಲ!" ಎಂದು ಕಿರುಚುತ್ತಿದ್ದರು.

ಅದೇ ವಾರ ವಿಷಯ ತಿಳಿದು ಅಪ್ಪ ಕೋಪದಿಂದ ಪ್ಲಾಟ್‌ಫಾರಂಗೇ ಬಂದರು. ನಾನು ಗಾಳಿಯಂತೆ ಬರುತ್ತಿದ್ದೆ. ಅವರು ಸರಿಯಾಗಿ ನಡುವೆ ನಿಂತಿದ್ದರು.

"ಸ್ವಾಮೇರೇ, ಪಕ್ಕಕ್ಕೆ ಬನ್ನಿ, ಗಾಡಿ ಬತ್ತಾ ಐತೆ!" ಎಂದು ಮಾಸ್ಟರು ಕೂಗಿದರು.

ಅಪ್ಪ ಪಂಚೆ ಎತ್ತಿ ಪಕ್ಕಕ್ಕೆ ನೆಗೆದರು. ನಾನು ದಾಟಿಹೋದೆ. ಇಳಿದು ಹೆದರುತ್ತ ಬಂದರೆ, ಅಪ್ಪನ ತುಟಿಯಂಚಿನಲ್ಲಿ ನಗು. "ಸೆರಗು ಚಕ್ರಕ್ಕೆ ಸಿಕ್ಕೀತು, ಸಿಕ್ಕಿಸ್ಕೊ" ಎಂದರು, ಅಷ್ಟೇ.

ದಿನವೂ ಸೈಕಲ್ಲಿನಲ್ಲೇ ಶಾಲೆಗೆ ಹೋಗಿಬಂದೆ, ಕೆಲಸ ಉಳಿಯಿತು. ಕೊನೆಗೊಂದು ದಿನ ಹೊಸ ಹಳಿಯ ಮೇಲೆ ಮಾವಿನ ತೋರಣ ಕಟ್ಟಿಕೊಂಡು ಮೊದಲ ರೈಲು ಬಂತು. ಟಿಕೆಟ್ ಕಿಂಡಿಯಲ್ಲಿ ನನ್ನನ್ನು ಕಂಡು ಮಾಸ್ಟರ ಮುಖ ಅರಳಿತು. ನಾನು ಮೈಸೂರುಪಾಕಿನ ಪೊಟ್ಟಣ ಒಳಗೆ ತಳ್ಳಿ, "ಟಿಕೆಟ್ ಬೇಡ ಸಾರ್, ಸೈಕಲ್ ತಂದಿದೀನಿ" ಎಂದೆ.

"ನೋಡ್ದೇನೇ, ದಿನದ ಗಿರಾಕೀನ ನಾನೇ ಕಳ್ಕಂಡೆ!" ಎಂದು ಹೆಂಡತಿಯನ್ನು ಕೂಗಿ ನಗತೊಡಗಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಆಮೇಲೆ ಅವರಿಗೆ ವರ್ಗವಾಯಿತು. ಒಂದೆರಡು ಕಾಗದ ಬಂದವು... ಮತ್ತೆ ಸುದ್ದಿಯಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಈಚೆಗೆ ಅವರ ಊರಿನವರೊಬ್ಬರು ಹೇಳಿದರು. ನಿವೃತ್ತಳಾಗುವವರೆಗೆ ಪ್ರತಿ ವರ್ಷವೂ ಶಾಲೆಯ ಮೈದಾನದಲ್ಲಿ ಏಳನೆಯ ತರಗತಿಯ ಹೆಣ್ಣುಮಕ್ಕಳಿಗೆ ನಾನು ಸೈಕಲ್ ಕಲಿಸಿದೆ. ಇದನ್ನು ಅವರಿಗೆ ಬರೆಯಬೇಕು, ಈ ಬೇಸಿಗೆಯಲ್ಲಿ ಹೋಗಿಯೇ ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಹೇಳಲೇ ಇಲ್ಲ.