ಹೆಬ್ಬೆರಳಪ್ಪನೂ ಸದ್ದಿಲ್ಲದ ಮೋಟಾರೂ

ನಮ್ಮ ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಹೆಬ್ಬೆರಳಪ್ಪ ಅಂತಲೇ ಹೆಸರು. ವಿಡಿಯೋ ಗೇಮ್ ಆಡೋ ಕಂಟ್ರೋಲರ್ ತಯಾರಾಗಿ ಬಂದರೆ, ಕಣ್ಣು ಮುಚ್ಚಿ ಹೆಬ್ಬೆರಳಲ್ಲೇ ಒತ್ತಿ ನೋಡಿ "ಸರಿಯಿದೆ" ಅನ್ನೋದು ಅವರ ಕೆಲಸ. ಎದುರು ಮೇಜಿನಲ್ಲಿ ಅದನ್ನು ಡಬ್ಬಿಗೆ ತುಂಬೋದು ನನ್ನದು. ಮನೆಯಲ್ಲೂ ಅದೇ ಮುಖ, ಇಲ್ಲೂ ಅದೇ ಮುಖ, ಯಾವ ಜನ್ಮದ ಋಣವೋ!

ಅವರು ಕೆಲಸಕ್ಕೆ ಸೇರಿದಾಗ ಕಂಟ್ರೋಲರ್ ಅಂದರೆ ಬರೀ ಪೆಟ್ಟಿಗೆ, ಮೇಲೊಂದು ಕೋಲು, ಒಂದು ಗುಂಡಿ. ಆಮೇಲೆ ಕೋಲು ಹೋಗಿ ಸೋಪಿನ ಡಬ್ಬಿಯ ಹಾಗೆ ಚಪ್ಪಟೆಯಾಯ್ತು. ಮೂಲೆ ಚುಚ್ಚುತ್ತೆ ಅಂತ ಜನ ಗೊಣಗಿದ್ದಕ್ಕೆ ಎರಡೂ ಕಡೆ ಹಿಡಿಕೆ ಬಂತು. ಹೋದ ಕೋಲು ಪುಟ್ಟದಾಗಿ ವಾಪಸ್ ಬಂತು, ಜೊತೆಗೆ ಇನ್ನೊಂದನ್ನೂ ಕಟ್ಟಿಕೊಂಡು. ಕೊನೆಗೆ ಒಳಗೊಂದು ಮೋಟಾರು ಕೂತು, ಆಟದಲ್ಲಿ ಗುದ್ದಿದರೆ ಕೈಯಲ್ಲೇ ನಡುಗೋಕೆ ಶುರುವಾಯ್ತು. ಎಲ್ಲದಕ್ಕೂ ಇವರದ್ದು ಒಂದೇ ಮಾತು, "ಕೈ ಒಗ್ಗಿಕೊಳ್ಳುತ್ತೆ ಬಿಡೇ."

ಒಂದು ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೆ ತಡಕಾಡಿದರು. ನಾನು ನಕ್ಕೆ. ಮಾರನೇ ದಿನ ಸುಡೋ ಲೋಟ ಹಿಡಿದು ಆರಾಮಾಗಿ ನಿಂತಿದ್ದರು. ಬೆರಳು ಕೆಂಪಾಗಿತ್ತು. ಲೋಟ ಕಿತ್ತುಕೊಂಡೆ.

"ಜೋಮು ಹಿಡಿದ ಹಾಗಿದೆ ಕಣೇ, ಬಿಡ್ತಾನೇ ಇಲ್ಲ. ಯಾರಿಗೂ ಹೇಳಬೇಡ, ಕೆಲಸ ಹೋಗುತ್ತೆ."

"ಡಾಕ್ಟರಿಗೆ ತೋರಿಸ್ರೀ!"

"ಕೆಲಸ ಬಿಡಿ ಅಂದುಬಿಟ್ಟರೆ?"

"ಮತ್ತೆ ಮೋಟಾರು ಹೇಗೆ ನೋಡ್ತಿದ್ದೀರಿ?"

"ಗುರ್ರ್ ಅನ್ನುತ್ತಲ್ಲ. ಕಿವಿ ಚೆನ್ನಾಗಿದೆ."

ಮೊಂಡ ಅಂದರೆ ಮೊಂಡ. ಬೈದೆ, ಅತ್ತೆ, ಆಮೇಲೆ ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ದಿನಾ ಎದುರು ಕೂತು ಜೀವ ಕೈಯಲ್ಲಿ ಹಿಡಿದುಕೊಂಡು ನೋಡ್ತಿದ್ದೆ.

ಹಾಗಿರುವಾಗ ಹೊಸ ಮಾಡೆಲ್ ಬಂತು. "ಇದರ ಮೋಟಾರು ಒಂಚೂರೂ ಸದ್ದು ಮಾಡಲ್ಲ, ಕೈಗೆ ಮಾತ್ರ ಗೊತ್ತಾಗುತ್ತೆ" ಅಂತ ಸೂಪರ್‌ವೈಸರ್ ಬೀಗಿದ. ಇವರ ಮುಖ ಬಿಳಿಚಿಕೊಂಡಿತು.

ಮೊದಲನೇದನ್ನು ಹಿಡಿದು, ಕಣ್ಣು ಮುಚ್ಚಿ, ಒತ್ತಿದರು. "ಸರಿಯಿದೆ" ಅಂದರು.

ಅಬ್ಬಾ! ಉಸಿರು ಬಿಟ್ಟೆ. ನನ್ನ ಮೇಜಿಗೆ ಬಂದಾಗ ಮನಸ್ಸು ತಡೀಲಾರದೆ ನಾನೂ ಒತ್ತಿದೆ. ಮೋಟಾರು ಸತ್ತುಹೋಗಿತ್ತು. ಒಂದಿಷ್ಟೂ ನಡುಕವಿಲ್ಲ.

ಡಬ್ಬಿಗೆ ಹಾಕಿ ಮುಚ್ಚಿಬಿಡಲಾ? ಇದೊಂದನ್ನು ಮುಚ್ಚಿದರೆ ನಾಳೆ? ಸೂಪರ್‌ವೈಸರ್ ಅತ್ತ ತಿರುಗಿದ್ದೇ, ಅದನ್ನು ಹಿಡಿದುಕೊಂಡು ಇವರ ಹತ್ತಿರ ಹೋದೆ.

"ಇನ್ನೊಂದು ಸಲ ನೋಡ್ರೀ" ಅಂತ ಪಿಸುಗುಟ್ಟಿದೆ.

ಅದನ್ನು ಹಿಡಿದಿದ್ದ ನನ್ನ ಎರಡೂ ಕೈಗಳನ್ನು ಸೇರಿಸಿ ಹಿಡಿದುಕೊಂಡೇ ಗುಂಡಿ ಒತ್ತಿದರು. ಆಮೇಲೆ ಮುಖ ಅರಳಿತು, ಕಣ್ಣಲ್ಲಿ ನೀರು.

"ಗೊತ್ತಾಗ್ತಿದೆ ಕಣೇ! ನಡುಗ್ತಾ ಇದೆ!"

ನಡುಗ್ತಾ ಇದ್ದದ್ದು ನನ್ನ ಕೈ.